ಮೂರು ಪದರದ ಮೆಟ್ಟಿಲು

ಭೋಪಾಲ
18 ಸೆಪ್ಟೆಂಬರ್ 2023

ಶ್ರೀ ಗೊಲ್ಲಾಳಪ್ಪ ಅವರಿಗೆ,

ನಮಸ್ಕಾರ. ನಾನು ಭಾಗ್ಯಜ್ಯೋತಿ, ಊರು ಸೇಡಂ. ಈಗ ಇಲ್ಲಿಯ ಒಂದು ಸಂಸ್ಥೆಯಲ್ಲಿ ಕಾಗಿಣಾ ನದಿಯ ನೆರೆಯನ್ನು ಗಣಿತದಿಂದ ಮುಂಚೆಯೇ ಹೇಳುವ ಕೆಲಸ ಮಾಡುತ್ತಿದ್ದೇನೆ. ಕಲಗಡ್ಡಿಯಲ್ಲಿ ನದಿಗಿಳಿಯುವ ಘಾಟಿನಲ್ಲಿ ದಿನಕ್ಕೆರಡು ಸಲ, ನೆರೆ ಬಂದಾಗ ತಾಸಿಗೊಮ್ಮೆ ನೀವು ನೀರಿನ ಮಟ್ಟ ಬರೆದು ಕಳಿಸುವ ಹಾಳೆಗಳು ಕೊನೆಗೆ ಬಂದು ಬೀಳುವುದು ನನ್ನ ಮೇಜಿನ ಮೇಲೆ. ಒಂದು ವಿಷಯ ಕೇಳಲು ನಿಮ್ಮ ಫೋನಿಗೆ ಉದ್ದನೆಯ ಸಂದೇಶ ಕಳಿಸಿದ್ದೆ. ಉತ್ತರವಾಗಿ ಹೆಬ್ಬೆರಳು ಎತ್ತಿದ ಚಿತ್ರ ಬಂತು. ಅದಕ್ಕೇ ಈ ಪತ್ರ.

ಚಿಂಚೋಳಿಯಿಂದ ಶಹಾಬಾದದವರೆಗೆ ನದಿಯನ್ನು ಕಂಪ್ಯೂಟರಿನಲ್ಲಿ ಇನ್ನೂರಿನ್ನೂರು ಮೀಟರಿನ ತುಂಡು ಮಾಡಿದ್ದೇನೆ. ಪ್ರತಿ ತುಂಡಿಗೆ ಎಷ್ಟು ನೀರು ಬಂತು, ಎಷ್ಟು ಹೋಯಿತು, ನಿಂತದ್ದು ಎಷ್ಟು ಎತ್ತರ ಎಂದು ಹತ್ತು ಸೆಕೆಂಡಿಗೊಮ್ಮೆ ಲೆಕ್ಕ ಹಾಕಿಸುತ್ತೇನೆ. ಇದಕ್ಕೆ ಮಾದರಿ ಎನ್ನುತ್ತೇವೆ. ಮೇಲೆ ಸೇಡಂ ಹತ್ತಿರ ಮಾದರಿ ಹೇಳಿದ್ದೂ ನದಿ ಹೇಳಿದ್ದೂ ಕೂಡುತ್ತವೆ. ಕೆಳಗೆ ಶಹಾಬಾದದಲ್ಲೂ ಕೂಡುತ್ತವೆ. ನಡುವೆ ನಿಮ್ಮ ಘಾಟಿನಲ್ಲಿ ಮಾತ್ರ ಇಲ್ಲ. ನೀರು ಕಡಿಮೆ ಇದ್ದಾಗ ತೊಂದರೆಯಿಲ್ಲ, ಏರಿದಂತೆಲ್ಲ ಅಂತರ ಬೆಳೆಯುತ್ತದೆ. ಜುಲೈ 27ರಂದು ಮಾದರಿ ಹೇಳಿದ್ದು ಸುಮಾರು 500 ಸೆಂಟಿಮೀಟರ್, ನೀವು ಬರೆದದ್ದು 432.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ನಿಮ್ಮ ಅಂಕಿಗಳೆಲ್ಲ ಒಂಬತ್ತರ ಮಗ್ಗಿಯಲ್ಲೇ ಇವೆ. 396, 405, 414, 432. ನದಿ ಮಗ್ಗಿ ಕಲಿತಿರುವುದಿಲ್ಲ. ನೀವು ಯಾವಾಗ, ಹೇಗೆ ಅಳೆಯುತ್ತೀರಿ, ದಯವಿಟ್ಟು ಬರೆದು ತಿಳಿಸಿ. ನೆರೆ ಬರುವ ಮುನ್ನ ಯಾವ ಯಾವ ಓಣಿಗಳಿಗೆ ಗಾಡಿ ಕಳಿಸಿ ಜನರನ್ನು ಎಬ್ಬಿಸಬೇಕು ಎಂಬ ಪಟ್ಟಿ ಈ ಮಾದರಿಯಿಂದಲೇ ತಯಾರಾಗುತ್ತದೆ.

ಇಂತಿ,
ಭಾಗ್ಯಜ್ಯೋತಿ


ಕಲಗಡ್ಡಿ, ಚಿತ್ತಾಪುರ ತಾಲ್ಲೂಕು
3 ಅಕ್ಟೋಬರ್ 2023

ಮೇಡಂ ಅವರಿಗೆ ಶರಣು.

ನಿಮ್ಮ ಪತ್ರ ಮುಟ್ಟಿತು. ಹತ್ತೊಂಬತ್ತು ವರ್ಷ ಈ ಘಾಟಿನಲ್ಲಿ ನೀರು ನೋಡಿದ್ದೇನೆ. ಮಗಳ ಮದುವೆಯ ದಿನ ಅಕ್ಷತೆ ಬೀಳುವ ಹೊತ್ತಿಗೆ ಪಂಚೆ ಎತ್ತಿಕೊಂಡು ಓಡಿ ಎಂಟು ಗಂಟೆಯ ಅಂಕಿ ಬರೆದು ಬಂದವನು ನಾನು. ಬೀಗರು ಇಂದಿಗೂ ಆಡಿಕೊಳ್ಳುತ್ತಾರೆ. ಇಷ್ಟು ವರ್ಷದಲ್ಲಿ ಯಾರೂ ಯಾವಾಗ, ಹೇಗೆ ಎಂದು ಕೇಳಿರಲಿಲ್ಲ. ಪತ್ರ ಓದಿ ಹೇಳಿದಾಗ ಮನೆಯಾಕೆ ಭೀಮಬಾಯಿ ನಕ್ಕಳು. "ತಗೋರಿ, ಭೋಪಾಲದಾಗ ಕುಂತು ನಮ್ಮ ಹೊಳಿ ನೋಡಾಕತ್ತಾರ. ನೀವು ಇಲ್ಲೇ ಕುಂತು ಅವರ ಕೆರಿ ನೋಡಿ ಬರದು ಕಳಸ್ರಿ" ಎಂದಳು.

ಅಳತೆ ರೂಢಿಯಂತೆ ನಡೆದಿದೆ. ಸಮೀಪದ ಅಂಕಿ ಬರೆಯುವುದು ನಮ್ಮ ರೂಢಿ. ಅದರಲ್ಲಿ ಮಗ್ಗಿ ಕಂಡರೆ ಅದು ನಿಮ್ಮ ಓದಿನ ಮಹಿಮೆ.

ಒಂದು ವಿನಂತಿ ಮಾತ್ರ ಇದೆ. ಘಾಟಿನ ತಲೆಗೇ ನಮ್ಮ ಕೆಳಗಿನ ಓಣಿ. ನಲವತ್ತೊಂದು ಮನೆ, ನನ್ನದೂ ಸೇರಿ. ನಿಮ್ಮ ಪಟ್ಟಿಯಲ್ಲಿ ಈ ಓಣಿ ತಪ್ಪದೆ ಇರಬೇಕು. ಉಳಿದದ್ದು ನಿಮ್ಮ ಗಣಿತಕ್ಕೆ ಬಿಟ್ಟದ್ದು.

ಗೊಲ್ಲಾಳಪ್ಪ


ಭೋಪಾಲ
20 ನವೆಂಬರ್ 2023

ಗೊಲ್ಲಾಳಪ್ಪ ಅವರಿಗೆ,

ನಮಸ್ಕಾರ. ತಡವಾಯಿತು. ಮಾದರಿಯನ್ನು ಒಮ್ಮೆ ಓಡಿಸಲು ಹನ್ನೊಂದು ತಾಸು ಹಿಡಿಯುತ್ತದೆ. ನಲವತ್ತಾರು ಸಲ ಓಡಿಸಿದ್ದೇನೆ. ನಲವತ್ತಾರು ಸಲವೂ ನಿಮ್ಮ ಘಾಟಿನಲ್ಲಿ ಅದೇ ಅಂತರ. ಬೇಸತ್ತು ಹೋಗಿದ್ದೇನೆ.

ನದಿಯ ತಳ ಎಷ್ಟು ಒರಟು ಎಂಬುದಕ್ಕೆ ಒಂದು ಅಂಕಿ ಇರುತ್ತದೆ, ಒರಟು ಹೆಚ್ಚಿದಷ್ಟೂ ಅಂಕಿ ದೊಡ್ಡದು. ಕಲ್ಲು, ಜಾಲಿಗಂಟಿ ಇದ್ದರೆ ನೀರು ತಡೆದು ತಡೆದು ಮೇಲೇರುತ್ತದೆ. ತಳ ನುಣುಪಾಗಿದ್ದರೆ ಬೇಗ ಹರಿದು ಮಟ್ಟ ಇಳಿಯುತ್ತದೆ. ಕಾಗಿಣಾಕ್ಕೆಲ್ಲ 0.038 ಸರಿಹೋಗಿದೆ. ನಿಮ್ಮ ಅಂಕಿ ಬರಬೇಕಾದರೆ ಕಲಗಡ್ಡಿಯ ಆರು ಕಿಲೋಮೀಟರಿನಲ್ಲಿ ಮಾತ್ರ 0.028 ಹಾಕಬೇಕು. ಅಂದರೆ ಯಾರೋ ಅಷ್ಟು ದೂರ ಜಾಲಿ ಕಡಿದು, ಕಲ್ಲು ಆಯ್ದು, ಅಂಗಳ ಗುಡಿಸಿದ ಹಾಗೆ ನದಿ ಗುಡಿಸಿಟ್ಟಿರಬೇಕು. ಹಾಗೆ ಯಾರಾದರೂ ಗುಡಿಸಿದ್ದಾರೆಯೇ?

ಕೋಪ ಮಾಡಿಕೊಳ್ಳಬೇಡಿ. ನಿಮಗೀಗ ಅರವತ್ತರ ಹತ್ತಿರ ಎಂದು ಹಾಳೆಯಲ್ಲಿ ನೋಡಿದೆ. ನೆರೆಯ ಕೆಂಪು ನೀರಿನಲ್ಲಿ ಘಾಟಿನ ಕಂಬದ ಅಳತೆಪಟ್ಟಿಯ ಸಣ್ಣ ಗೆರೆಗಳು ಕಾಣದೆ ಅಂದಾಜಿಗೆ ಬರೆಯುತ್ತಿರಬಹುದು. ನನ್ನ ತಂದೆಗೂ ಹೀಗೇ ಆಗಿತ್ತು, ಕನ್ನಡಕ ಬಂದ ಮೇಲೆ ಸರಿಹೋಯಿತು. ಒಮ್ಮೆ ಕಣ್ಣು ತೋರಿಸಿಕೊಳ್ಳುತ್ತೀರಾ?

ಭಾಗ್ಯಜ್ಯೋತಿ


ಕಲಗಡ್ಡಿ
9 ಡಿಸೆಂಬರ್ 2023

ಮೇಡಂ ಅವರಿಗೆ,

ನದಿ ಯಾರೂ ಗುಡಿಸಿಲ್ಲ. ಓಣಿಯನ್ನೇ ಗುಡಿಸುವವರಿಲ್ಲ.

ನಿಮ್ಮ ಪತ್ರ ಬಂದ ದಿನ ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಕಮರುನ್ನೀಸಾ ಅವರ ಹೊಲಿಗೆ ಮಷಿನ್ನಿನ ಸೂಜಿಗೆ ನಾನೇ ದಾರ ಪೋಣಿಸಿ ಕೊಟ್ಟೆ. ಪಕ್ಕದ ಮನೆಯವರು, ಸಾಕ್ಷಿ ಬೇಕಿದ್ದರೆ ಕೇಳಿ. ಕಣ್ಣಿಗೆ ಏನೂ ಆಗಿಲ್ಲ. ನೀವು ಸೇಡಂನವರು ಎನ್ನುತ್ತೀರಿ. ಎಂದಾದರೂ ಘಾಟಿಗೆ ಇಳಿದು ಈ ನೀರಿಗೆ ಕಾಲಿಟ್ಟಿದ್ದೀರಾ, ಅಥವಾ ರೈಲಿನ ಕಿಟಕಿಯಿಂದ ನೋಡಿದ್ದೇ ಲೆಕ್ಕವೋ? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಗೊಲ್ಲಾಳಪ್ಪ


ಭೋಪಾಲ
12 ಫೆಬ್ರವರಿ 2024

ಗೊಲ್ಲಾಳಪ್ಪ ಅವರಿಗೆ,

ನಮಸ್ಕಾರ. ಕನ್ನಡಕದ ಮಾತಿಗೆ ಕ್ಷಮೆ ಇರಲಿ. ನೀವು ಹೇಳಿದ್ದು ನಿಜ. ವಾಡಿಯಿಂದ ಸೇಡಂಗೆ ಹೋಗುವಾಗ ರೈಲಿನಿಂದ ಕಂಡಷ್ಟೇ ಕಾಗಿಣಾ ನನಗೆ ಗೊತ್ತು.

ನಮ್ಮ ಮಾರ್ಗದರ್ಶಕರು ಒಂದೇ ಮಾತು ಹೇಳಿದರು: "ಅಳೆದ ಅಂಕಿ ದೊಡ್ಡದು, ನಿನ್ನ ಮಾದರಿ ಸಣ್ಣದು. ಅಂಕಿಗೆ ತಕ್ಕಂತೆ ಮಾದರಿ ತಿದ್ದು, ಜನವರಿಯೊಳಗೆ ವರದಿ ಕೊಡು." ತಿದ್ದಿದೆ. ಆರು ಕಿಲೋಮೀಟರಿಗೆ 0.028 ಹಾಕಿದೆ. ಈಗ ಎಲ್ಲ ಕೂಡುತ್ತದೆ. ವರದಿಯೂ ಹೋಯಿತು.

ನಿಮಗೊಂದು ಸಮಾಧಾನದ ಸುದ್ದಿ. ಮೇಲಿನ ಜಲಾಶಯದಿಂದ ಅತಿ ಹೆಚ್ಚು ನೀರು ಬಿಟ್ಟರೂ ನಿಮ್ಮ ಘಾಟಿನಲ್ಲಿ 510 ದಾಟುವುದಿಲ್ಲ. ಓಣಿಯ ಹೊಸ್ತಿಲು ಅದಕ್ಕಿಂತ ಎಂಬತ್ತು ಸೆಂಟಿಮೀಟರಿಗೂ ಹೆಚ್ಚು ಎತ್ತರ. ಆದ್ದರಿಂದ ಕೆಳಗಿನ ಓಣಿ ಪಟ್ಟಿಯಲ್ಲಿಲ್ಲ. ನೀವು ನಿಶ್ಚಿಂತೆಯಿಂದ ಇರಬಹುದು.

ಭಾಗ್ಯಜ್ಯೋತಿ


ಕಲಗಡ್ಡಿ
26 ಫೆಬ್ರವರಿ 2024

ಮೇಡಂ,

ನಿಶ್ಚಿಂತೆಯಿಂದ ಇರಬಹುದೇ? ನೀವು ಬಂದು ಇರಿ. ಮನೆ ಖಾಲಿ ಮಾಡಿ ಕೊಡುತ್ತೇನೆ.

ಮೂರು ವರ್ಷದ ಹಿಂದಿನ ದೊಡ್ಡ ನೆರೆಗೆ ನನ್ನ ಮನೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಜೋಳದ ಚೀಲ ಒಡೆದು ಮೊಳಕೆ ಬಂದಿತ್ತು. ಕಮರುನ್ನೀಸಾ ಅವರು ಮಷಿನ್ನನ್ನು ಮಾಳಿಗೆಯ ಮೇಲೆ ಏರಿಸಿ ಅದರ ಪಕ್ಕದಲ್ಲಿ ತಾವೂ ಕುಳಿತಿದ್ದರು. ಆ ನೀರು ನಿಮ್ಮ ಗಣಿತದಲ್ಲಿ ಬರಲೇ ಇಲ್ಲವೇನು? ಹೋಗಲಿ, ಹೋದ ಜುಲೈಯದನ್ನೇ ನೋಡಿ. ಓಣಿಗೆ ಬರಲು ಘಾಟಿನ ನಾಲ್ಕೇ ಮೆಟ್ಟಿಲು ಉಳಿದಿತ್ತು. ಇಪ್ಪತ್ತೆಂಟರಲ್ಲಿ ಇಪ್ಪತ್ತನಾಲ್ಕು ಮುಳುಗಿದ್ದವು. ನಾನೇ ನಿಂತು ಎಣಿಸಿದ್ದೇನೆ. ಇನ್ನು ನಾಲ್ಕು ಮೆಟ್ಟಿಲು ಏರದ ನದಿ ಎಲ್ಲಾದರೂ ಉಂಟೇ?

ಓಣಿಯವರಿಗೆ ನಿಮ್ಮ ಪತ್ರ ಓದಿ ಹೇಳಿದೆ. "ಯಾರ ಅಂಕಿ ನೋಡಿ ಹಿಂಗ ಬರದಾರಂತ?" ಎಂದು ಕೇಳಿದರು. ಪಟ್ಟಿ ತಿದ್ದಿ ಕಳಿಸಿ.

ಗೊಲ್ಲಾಳಪ್ಪ


ಭೋಪಾಲ
8 ಮಾರ್ಚ್ 2024

ಗೊಲ್ಲಾಳಪ್ಪ ಕಾಕಾ,

ದೊಡ್ಡ ನೆರೆಯ ದಿನಗಳಲ್ಲಿ ನಿಮ್ಮ ಘಾಟಿನ ಅಂಕಿ ಬಂದಿರಲಿಲ್ಲ, ಅದಕ್ಕೇ ಅದು ಮಾದರಿಗೆ ಸೇರಲಿಲ್ಲ. ಸಿಟ್ಟು ಬದಿಗಿಟ್ಟು ಇದೊಂದು ಓದಿ. ಹೋದ ಬೇಸಿಗೆಯಲ್ಲಿ ಉಪಕರಣ ಇಟ್ಟು ಸರ್ವೆ ಮಾಡಿದವರ ಪ್ರಕಾರ, ಘಾಟಿನ ಬುಡದಿಂದ ನಿಮ್ಮ ಓಣಿಯ ಹೊಸ್ತಿಲು 594 ಸೆಂಟಿಮೀಟರ್ ಎತ್ತರ. ಜುಲೈಯಲ್ಲಿ ನೀವು ಬರೆದ ನೀರು 432. ಕಳೆದರೆ ಉಳಿಯುವುದು 162. ಉಳಿದದ್ದು ನಾಲ್ಕೇ ಮೆಟ್ಟಿಲಾದರೆ ಒಂದೊಂದೂ ನಲವತ್ತು ಸೆಂಟಿಮೀಟರ್, ಒಂದೂಕಾಲು ಅಡಿಯ ಮೇಲೆ. ಅಂಥ ಮೆಟ್ಟಿಲನ್ನು ಕೊಡ ಹೊತ್ತವರು ಏರುತ್ತಾರೆಯೇ?

ಇನ್ನೊಂದು. ಇಪ್ಪತ್ತನಾಲ್ಕನ್ನು ಹದಿನೆಂಟರಿಂದ ಗುಣಿಸಿದರೆ ಸರಿಯಾಗಿ 432. ಹದಿನೆಂಟು ಸೆಂಟಿಮೀಟರ್ ಅಂದರೆ ಏಳಿಂಚು. ಒಂಬತ್ತು ಅಂದರೆ ಅರ್ಧ ಮೆಟ್ಟಿಲು.

ಕಾಕಾ, ಅಳತೆಪಟ್ಟಿ ಎಲ್ಲಿದೆ?

ಭಾಗ್ಯಜ್ಯೋತಿ


ಭೋಪಾಲ
2 ಏಪ್ರಿಲ್ 2024

ಕಾಕಾ,

ನಿಮ್ಮಿಂದ ಉತ್ತರವಿಲ್ಲ. ಹದಿನೈದು ದಿನದ ಹಾಳೆ ಮಾತ್ರ ಬಂತು, ಅದೇ ಒಂಬತ್ತರ ಮಗ್ಗಿಯಲ್ಲಿ.

ನಿಮ್ಮನ್ನು ಕೇಳುವ ಮೊದಲು ನನ್ನದೂ ಒಂದು ಹೇಳಬೇಕು. ಮಗ್ಗಿಯ ವಿಷಯ ನಾನು ವರದಿಯಲ್ಲಿ ಬರೆಯಲಿಲ್ಲ. ಬರೆದರೆ "ಹಾಗಾದರೆ ಆ ಅಂಕಿ ಯಾಕೆ ಬಳಸಿದೆ?" ಎಂದು ಕೇಳುತ್ತಿದ್ದರು, ಕೆಲಸ ಇನ್ನೊಂದು ವರ್ಷ ಹಿಂದೆ ಬೀಳುತ್ತಿತ್ತು. "ಕಲಗಡ್ಡಿಯ ಅಂಕಿಗಳು ವಿಶ್ವಾಸಕ್ಕೆ ಅರ್ಹ" ಎಂದು ಬರೆದೆ. ಸಂಶಯವಿದ್ದೂ ಬರೆದೆ. ನದಿಯನ್ನು ಗುಡಿಸಿದವಳು ನಾನೇ. ನಿಮ್ಮ ಮೇಲೆ ಎಷ್ಟು ಸಿಟ್ಟಿದೆಯೋ ಅದಕ್ಕಿಂತ ಹೆಚ್ಚು ನನ್ನ ಮೇಲೇ ಇದೆ.

ಮಳೆಗಾಲಕ್ಕೆ ಎರಡು ತಿಂಗಳಿದೆ. ಒಂದೇ ಒಂದು ಕೆಲಸ ಮಾಡಿ. ಟೇಪು ತೆಗೆದುಕೊಂಡು ಮೆಟ್ಟಿಲು ಅಳೆಯಿರಿ. ಒಂದಲ್ಲ, ಇಪ್ಪತ್ತೆಂಟೂ.

ಭಾಗ್ಯಜ್ಯೋತಿ


ಕಲಗಡ್ಡಿ
21 ಏಪ್ರಿಲ್ 2024

ತಂಗಿ ಭಾಗ್ಯಜ್ಯೋತಿಗೆ,

ಮೂರು ಸಲ ಬರೆಯಲು ಕುಳಿತು ಹರಿದು ಹಾಕಿದೆ. ಇದು ನಾಲ್ಕನೆಯದು.

ಅಳತೆಪಟ್ಟಿ ಇಲ್ಲ. ದೊಡ್ಡ ನೆರೆಯಲ್ಲಿ ಕಂಬ ಸಮೇತ ಕೊಚ್ಚಿ ಹೋಯಿತು. ಘಾಟಿನ ಕೆಳಗಿನ ಹತ್ತು ಮೆಟ್ಟಿಲೂ ಹೋದವು. ಹೊಸ ಅಳತೆಪಟ್ಟಿಗೆ ಮೂರು ಅರ್ಜಿ ಕೊಟ್ಟೆ. ಫೋನು ಮಾಡಿದರೆ ಕಚೇರಿಯ ಸಾಹೇಬರು, "ಹೊಸಾದು ಬರೂತನ ಹ್ಯಾಂಗರ ನಡಸ್ರಿ, ಹಾಳಿ ಮಾತ್ರ ಖಾಲಿ ಬಿಡಬ್ಯಾಡ್ರಿ" ಎಂದರು. ನಡೆಸಿದೆ. ಪಟ್ಟಿ ಇಲ್ಲ ಎಂದು ಹಾಳೆಯಲ್ಲಿ ಬರೆದರೆ ಘಾಟು ಮುಚ್ಚಿ ನನ್ನನ್ನು ಕಳಿಸಿಬಿಡುತ್ತಾರೆ ಎಂಬ ಅಂಜಿಕೆ ಇತ್ತು.

ಮುರಿದ ಹತ್ತು ಮೆಟ್ಟಿಲನ್ನು ಹೊಸದಾಗಿ ಕಟ್ಟಿದರು. ಅದರಲ್ಲಿ ಒಂದಕ್ಕೆ ಟೇಪು ಹಿಡಿದೆ. ಬರೋಬ್ಬರಿ ಏಳಿಂಚು. ಮೇಲಿನ ಹದಿನೆಂಟು ಹಳೆಯವು, ನಮ್ಮಪ್ಪ ಅಮೃತಪ್ಪ ಕಟ್ಟಿದ್ದು. ಅವಕ್ಕೆ ಟೇಪು ಹಿಡಿಯಲಿಲ್ಲ. ನಾವು ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಕೆಲಸದ ಮಂದಿ. ನಮ್ಮಲ್ಲಿ ಮೆಟ್ಟಿಲು ಅಳೆಯುವುದಿಲ್ಲ, ಒಂದರ ಮೇಲೊಂದು ಇಟ್ಟ ಕಲ್ಲಿನ ಪದರ ಎಣಿಸುತ್ತೇವೆ. ಮೂರು ಪದರ ಅಂದರೆ ಏಳಿಂಚು. ಕೆಳಗಿನವೂ ಮೂರು ಪದರ, ಮೇಲಿನವೂ ಮೂರು ಪದರ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅಪ್ಪ ಕಟ್ಟಿದ್ದಕ್ಕೆ ಟೇಪು ಹಿಡಿಯುವುದೆಂದರೆ ಸತ್ತವನ ಮೇಲೆ ಸಂಶಯ ಪಟ್ಟ ಹಾಗೆ ಎಂಬ ಸೊಕ್ಕು ಬೇರೆ.

ನಿನ್ನ ಪತ್ರ ಬಂದ ಮೇಲೆ ಹತ್ತು ದಿನ ಟೇಪು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ಕೊನೆಗೊಂದು ಮುಂಜಾನೆ ಹಿಡಿದೆ. ಒಂಬತ್ತಿಂಚು, ನಿಮ್ಮ ಅಳತೆಯಲ್ಲಿ ಇಪ್ಪತ್ಮೂರು ಸೆಂಟಿಮೀಟರ್. ಹದಿನೆಂಟೂ ಒಂದೇ ಸಮ. ಈಗಿನದು ಮಷಿನ್ನಿನಲ್ಲಿ ಕೊಯ್ದ ತೆಳು ಕಲ್ಲು. ಅಪ್ಪನದು ಉಳಿಯಿಟ್ಟು ಕೈಯಿಂದ ಸೀಳಿದ ದಪ್ಪ ಕಲ್ಲು. ಪದರ ಮೂರೇ, ಎತ್ತರ ಬೇರೆ. ಮೆಟ್ಟಿಲ ಮೇಲೆ ತಲೆ ಹಿಡಿದು ಕುಳಿತೆ. ಭೀಮಬಾಯಿ ಕೊಡ ಹೊತ್ತು ಏರಿ ಬಂದವಳು ಕೇಳಿ ಕೊಡ ಇಳಿಸಿದಳು.

"ಇದಕ್ಕ ಇಷ್ಟು ದಿನಾ ಬೇಕಾತೇನ್ರಿ? ಕೆಳಗಿನ ಹತ್ತು ಹೂವಿನಂಗ ಏರತೀವಿ. ನಿಮ್ಮಪ್ಪಂದು ಶುರು ಆತಂದ್ರ ಮಣಕಾಲ ಚಟಚಟ ಅಂತಾವ. ನೀರು ಹೊರೂ ಯಾವ ಹೆಂಗಸಿನ್ನ ಕೇಳಿದ್ರೂ ಹೇಳ್ತಿದ್ಳು. ಕೇಳಿದ್ರೇನು?"

ಕೇಳಿರಲಿಲ್ಲ, ತಂಗಿ. ನೀನೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಲೆಕ್ಕ ಹೀಗೆ. ಹತ್ತು ಮೆಟ್ಟಿಲು 180. ಅದರ ಮೇಲೆ ಜುಲೈಯಲ್ಲಿ ಮುಳುಗಿದ್ದ ಹದಿನಾಲ್ಕು ಮೆಟ್ಟಿಲು 322. ಕೂಡಿಸಿದರೆ 502. ನಿನ್ನ ಮಾದರಿ ಮೊದಲು ಹೇಳಿದ್ದೂ ಅಷ್ಟೇ. ಉಳಿದ ನಾಲ್ಕು ಮೆಟ್ಟಿಲು 92, ಕೂಡಿಸು, 594. ಹೊಸ್ತಿಲು ಒಂದು ಬೆರಳೂ ತಪ್ಪಿಲ್ಲ. ನಿನ್ನ ಮಾದರಿ ಸರಿ ಇತ್ತು. ನಮ್ಮಪ್ಪ ಸರಿ ಇದ್ದ. ನನ್ನ ಓಣಿಯನ್ನು ಪಟ್ಟಿಯಿಂದ ತೆಗೆದದ್ದು ನನ್ನ ಕೈಬರಹ.

ಮೂರು ವರ್ಷದ ಅಂಕಿಗಳನ್ನೆಲ್ಲ ತಿದ್ದಿ ಸಹಿ ಮಾಡಿ ಇದರೊಂದಿಗೆ ಇಟ್ಟಿದ್ದೇನೆ. ಇದು ಕಚೇರಿಗೆ ಹೋದರೆ ನನ್ನ ಕೆಲಸ ಉಳಿಯುವುದಿಲ್ಲ. ಗೊತ್ತಿದ್ದೇ ಕಳಿಸುತ್ತಿದ್ದೇನೆ.

ಗೊಲ್ಲಾಳಪ್ಪ


ಭೋಪಾಲ
17 ಜೂನ್ 2024

ಕಾಕಾ,

ಶರಣು. ಗುಡಿಸಿದ ನದಿಗೆ ಮತ್ತೆ ಕಲ್ಲು, ಜಾಲಿ ತುಂಬಿದೆ. 0.038 ಹಾಕಿ ಓಡಿಸಿದೆ. ಹೋದ ವರ್ಷದ ಜುಲೈಗೆ ಬಂದದ್ದು 499. ನಿಮ್ಮ ತಿದ್ದಿದ ಅಂಕಿ 502. ಹನ್ನೊಂದು ತಾಸು ಕಾದು ಆ ಅಂಕಿ ನೋಡಿದಾಗ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೋ ಹೊಟ್ಟೆಕಿಚ್ಚಿಗೋ ತಿಳಿಯಲಿಲ್ಲ. ಅಷ್ಟು ದಿನದ ದುಡಿಮೆಯ ಉತ್ತರ ಭೀಮಬಾಯಿ ಕಾಕುಗೆ ಮೊಣಕಾಲಿನಿಂದಲೇ ಗೊತ್ತಿತ್ತು.

ವರದಿ ಹಿಂದಕ್ಕೆ ತೆಗೆದುಕೊಂಡೆ. ಹೊಸ ಲೆಕ್ಕದಲ್ಲಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ನಿಮ್ಮ ಓಣಿ ಖಂಡಿತ ಮುಳುಗುತ್ತದೆ. ಅದನ್ನು ಸಂಬಂಧಪಟ್ಟವರಿಗೆಲ್ಲ ಬರೆದೆ. ಬಂದ ಉತ್ತರ: "ಈ ವರ್ಷದ ಪಟ್ಟಿ ಅಂತಿಮವಾಗಿದೆ. ಪರಿಷ್ಕರಣೆ ಮುಂದಿನ ವರ್ಷ." ತಪ್ಪು ಅಂಕಿ ಕೊಟ್ಟಾಗ ಒಂದೇ ವಾರದಲ್ಲಿ ಅಂತಿಮ ಮಾಡಿದ್ದರು. ಸರಿಯಾದದ್ದಕ್ಕೆ ಒಂದು ವರ್ಷ ಬೇಕಂತೆ. ಕಿರುಚಬೇಕು ಅನಿಸುತ್ತದೆ. ತಿದ್ದುಪಡಿಗೆ ಕಾರಣ ಬರೆಯಬೇಕಾಯಿತು, ನಿಮ್ಮ ಹೆಸರು ಬಿಡಲು ದಾರಿ ಇರಲಿಲ್ಲ. ನನ್ನ ತಪ್ಪನ್ನೂ ಪಕ್ಕದಲ್ಲೇ ಬರೆದಿದ್ದೇನೆ.

ಪಟ್ಟಿಗೆ ಕಾಯುವುದು ಬೇಡ. ಇದರೊಂದಿಗೆ ಒಂದು ಹಾಳೆ ಇದೆ. ಎಡಕ್ಕೆ ಜಲಾಶಯದಿಂದ ಬಿಟ್ಟ ನೀರು. ನಡುವೆ, ಅದು ಎಷ್ಟು ತಾಸಿಗೆ ನಿಮ್ಮ ಘಾಟಿಗೆ ಬರುತ್ತದೆ. ಬಲಕ್ಕೆ, ಎಷ್ಟು ಸೆಂಟಿಮೀಟರ್, ಎಷ್ಟನೆಯ ಮೆಟ್ಟಿಲು. ಸಂಸ್ಥೆಯ ಮುದ್ರೆ ಇಲ್ಲ. ನಾನೇ ಕೈಯಿಂದ ಬರೆದದ್ದು. ಇಷ್ಟೇ ನನ್ನಿಂದಾಗುವುದು.

ಭಾಗ್ಯಜ್ಯೋತಿ


ಕಲಗಡ್ಡಿ
6 ಸೆಪ್ಟೆಂಬರ್ 2024

ತಂಗಿ ಭಾಗ್ಯಜ್ಯೋತಿಗೆ ಶರಣು.

ಜುಲೈಯಲ್ಲಿ ನನ್ನನ್ನು ತೆಗೆದರು. ಕಾರಣ, "ಅಳತೆಪಟ್ಟಿ ಇಲ್ಲದೆ ಅಳತೆ ಬರೆದದ್ದು". ಆಗಸ್ಟಿನಲ್ಲಿ ಹೊಸ ಅಳತೆಪಟ್ಟಿ ಬಂತು. ಗೋಣಿಯಲ್ಲಿ ಸುತ್ತಿದ ಹಾಗೇ ಪಂಚಾಯಿತಿ ಜಗಲಿಯ ಮೇಲೆ ಮಲಗಿದೆ. ನೋಡುವವನಿದ್ದಾಗ ಪಟ್ಟಿ ಇರಲಿಲ್ಲ, ಪಟ್ಟಿ ಬಂದಾಗ ನೋಡುವವನಿಲ್ಲ. ಹಲ್ಲಿದ್ದರೆ ಕಡಲೆ ಇಲ್ಲ, ಕಡಲೆ ಇದ್ದರೆ ಹಲ್ಲಿಲ್ಲ.

ಈ ತಿಂಗಳ ಒಂದನೆಯ ತಾರೀಖು ಸಂಜೆ, ಮೇಲಿನಿಂದ ನೀರು ಬಿಟ್ಟ ಸುದ್ದಿ ಎಲ್ಲರ ಫೋನಿಗೂ ಬಂತು. ನಿನ್ನ ಹಾಳೆಯ ಮೇಲೆ ಬೆರಳಿಟ್ಟು ನೋಡಿದೆ. ಹತ್ತೊಂಬತ್ತು ತಾಸು, 601. ಅಂದರೆ ಮರುದಿನ ಮಧ್ಯಾಹ್ನ, ಹೊಸ್ತಿಲ ಮೇಲೆ ನಾಲ್ಕು ಬೆರಳು. ಮುಂಜಾನೆ ಗಾಡಿ ಬಂತು. ಮೈಕಿನಲ್ಲಿ ಕೂಗುತ್ತ ನಮ್ಮೂರ ದಾರಿಯಲ್ಲೇ ಮುಂದಿನ ಊರಿಗೆ ಹೋಯಿತು. ಅಡ್ಡ ನಿಂತು ಕೇಳಿದೆ. "ನಿಮ್ಮ ಓಣಿ ಲಿಸ್ಟಿನ್ಯಾಗ ಇಲ್ಲರಿ" ಎಂದರು.

ಮನೆ ಮನೆಗೆ ಹೋದೆ. ನೀರು ಇನ್ನೂ ಹದಿನೈದು ಮೆಟ್ಟಿಲು ಕೆಳಗಿತ್ತು. ಯಾರು ನಂಬಬೇಕು? "ಸುಳ್ಳ ಬರದಿ ಅಂತ ನಿನ್ನ ತಗದಾರಲ್ಲ, ಈಗ ನಿನ್ನ ಮಾತ ಕೇಳಿ ಮನಿ ಬಿಡಬೇಕೇನು?" ಎಂದು ಒಬ್ಬ ಮುಖಕ್ಕೇ ಅಂದ. ಹಾಗೆ ಅನ್ನುವ ಹಕ್ಕು ಅವನಿಗಿತ್ತು. ನನಗೆ ಅಳು ಬಂತು, ಸಿಟ್ಟೂ ಬಂತು. ಕಮರುನ್ನೀಸಾ ಅವರು ಬಟ್ಟೆ ಹೊಲಿಯುತ್ತಿದ್ದವರು ಕಾಲು ನಿಲ್ಲಿಸಿ ಕೇಳಿದರು.

"ಗೊಲ್ಲಾಳಣ್ಣ, ಈ ಸಲಿ ಟೇಪ್ ಹಿಡದೀಯೋ ಇಲ್ಲೋ?"

"ಹಿಡದೀನಿ, ಅಕ್ಕಾ. ಇಪ್ಪತ್ತೆಂಟಕ್ಕೂ ಹಿಡದೀನಿ."

"ಹಂಗಾರ ಮಷಿನ್ ಎತ್ತು."

ಒಂದು ಕಡೆ ನಾನು, ಒಂದು ಕಡೆ ಭೀಮಬಾಯಿ ಮಷಿನ್ ಹೊತ್ತು ಶಾಲೆಯ ಕಡೆ ನಡೆದೆವು. ಅದನ್ನು ನೋಡಿ ಹೆಂಗಸರು ಒಬ್ಬೊಬ್ಬರಾಗಿ ಮೊಣಕಾಲಿನ ಮೇಲೆ ಕೈಯೂರಿ ಎದ್ದರು. ಹನ್ನೊಂದು ಗಂಟೆಗೆ ಮೂವತ್ತೆಂಟು ಮನೆ ಖಾಲಿಯಾಗಿತ್ತು. ಉಳಿದ ಮೂರು ಮನೆಯವರು ಕಾಲು ತೊಯ್ದ ಮೇಲೆ ಓಡಿ ಬಂದರು. ಎರಡು ಗೋಡೆ ಬಿದ್ದಿವೆ, ಜೋಳ ತೊಯ್ದಿದೆ. ಮನುಷ್ಯರೆಲ್ಲ ಇದ್ದಾರೆ.

ನಾನು ಮಾತ್ರ ಮಧ್ಯಾಹ್ನ ತಿರುಗಿ ಹೋಗಿ ನನ್ನ ಮನೆಯ ಕಟ್ಟೆಯ ಮೇಲೆ ಟೇಪು ಹಿಡಿದು ನಿಂತಿದ್ದೆ. ಭೀಮಬಾಯಿ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಒಂದೂವರೆಗೆ ನೀರು ನಿಂತಿತು. ಹೊಸ್ತಿಲ ಮೇಲೆ ಹದಿಮೂರು ಸೆಂಟಿಮೀಟರ್. ಒಟ್ಟು 607. ಇದು ಸರ್ಕಾರಿ ಅಂಕಿ ಅಲ್ಲ. ಆದರೆ ಒಂಬತ್ತರ ಮಗ್ಗಿ ಹೇಳಿ ನೋಡು, ಅದರಲ್ಲಿ ಸಿಗುವುದಿಲ್ಲ.

ನಿನ್ನ ಹಾಳೆಯಲ್ಲಿ 601 ಇದೆ. ತಪ್ಪು ತಿಳಿಯಬೇಡ, ಆರು ಸೆಂಟಿಮೀಟರ್ ಅಂತರ ಬರುತ್ತಿದೆ. ನೀನು ಯಾವಾಗ, ಹೇಗೆ ಲೆಕ್ಕ ಹಾಕಿದೆ, ದಯವಿಟ್ಟು ಬರೆದು ತಿಳಿಸು.

ಗೊಲ್ಲಾಳಪ್ಪ